ಕೊಡಲಿ ಕೇಳಿದರೆ ಕೋದಾಳಿ ಕೊಟ್ಟರು: ಟೊಮಾಹಾಕ್‌ಗೆ ಕಾವು ಕೂರಿಸುವ ಬಗೆ

(ಚಾನೆಲ್‌ನಲ್ಲಿ ಬಂದ ಮಾತಿನ ಬರಹ ರೂಪ. ಓದಲು ಅನುಕೂಲವಾಗುವಷ್ಟು ಮಾತ್ರ ತಿದ್ದಿದ್ದೇವೆ.)

ನಾನು ಸೂರತ್‌ನಿಂದ ಮಾತಾಡ್ತಾ ಇದ್ದೀನಿ. ಊರು ಬಳ್ಳಾರಿ ಕಡೆ. ಓದಿದ್ದು ಮೆಕ್ಯಾನಿಕಲ್, ಎಂಟೆಕ್ ಮಷೀನ್ ಡಿಸೈನ್‌ನಲ್ಲಿ. ಹೊಟ್ಟೆಪಾಡು ಮಾತ್ರ ಜಾವಾ ಕೋಡ್. ಈ ಚಾನೆಲ್ ನೋಡೋರಲ್ಲಿ ಅರ್ಧ ಜನರ ಕಥೆ ಇದೇ ಇರಬಹುದು, ಹಾಗಾಗಿ ಪರಿಚಯ ಇಷ್ಟಕ್ಕೇ ಸಾಕು.

ಇವತ್ತಿನ ವಿಷಯ ಕೊಡಲಿಗೆ ಕಾವು ಹಾಕೋದು. ಇನ್ನೂ ಸರಿಯಾಗಿ ಹೇಳಬೇಕು ಅಂದ್ರೆ, ಆನ್‌ಲೈನ್‌ನಲ್ಲಿ ತರಿಸ್ಕೊಂಡ ಟೊಮಾಹಾಕ್ ತಲೆಯನ್ನ ಮರದ ಹಿಡಿಗೆ ಭದ್ರವಾಗಿ ಕೂರಿಸೋದು ಹೇಗೆ ಅಂತ. ಕ್ಲೌಡ್, ಎಐ, ಅಪ್ರೈಸಲ್ ಬಿಟ್ಟು ಇದೇನಪ್ಪಾ ಅಂತ ಅನಿಸಬಹುದು. ಕಾರಣ ಇದೆ.

ಹೋದ ಡಿಸೆಂಬರ್‌ನಲ್ಲಿ ನಾವು ನಾಲ್ಕು ಕನ್ನಡ ಕುಟುಂಬಗಳು ಡಾಂಗ್ ಕಾಡಿನ ಕಡೆ ಹೋಗಿದ್ವಿ. ಸೂರತ್‌ನಲ್ಲಿ ಇರೋರಿಗೆ ಗೊತ್ತು, ಎರಡು ದಿನ ರಜೆ ಸಿಕ್ಕರೆ ವಘೈ, ಸಾಪುತಾರಾ ಅಂತ ಹೊರಟು ಬಿಡ್ತೀವಿ. ರಾತ್ರಿ ಬೆಂಕಿ ಹಾಕೋಣ ಅಂತ ಒಬ್ಬ ಗೆಳೆಯ ತನ್ನ ಟೊಮಾಹಾಕ್ ತೆಗೆದ. ಚಂದದ ವಸ್ತು, ಅರ್ಧ ಕೆಜಿ ತೂಕದ ತಲೆ. ಮೊದಲಿದ್ದ ಹಿಡಿ ಮುರಿದಿತ್ತಂತೆ, ಜುಲೈನಲ್ಲಿ ತಾನೇ ಹೊಸ ಕೋಲು ಹಾಕಿಕೊಂಡಿದ್ದ. ನಾಲ್ಕನೇ ಏಟಿಗೆ ತಲೆ ಕಾವಿನಿಂದ ಕಳಚಿ ಹಾರಿತು. ಎಲ್ಲಿ ಹೋಯಿತು ಅಂತ ನಮಗೆ ಕಾಣಲಿಲ್ಲ, ಸದ್ದು ಮಾತ್ರ ಕೇಳಿಸ್ತು. ಮಕ್ಕಳು ಬ್ಯಾಡ್ಮಿಂಟನ್ ಆಡ್ತಿದ್ದ ಜಾಗದ ಹಿಂದೆ ಒಂದು ಸಾಗುವಾನಿ ಮರದ ಬುಡದಲ್ಲಿ ಬಿದ್ದಿತ್ತು. ಆರು ವರ್ಷದ ಹುಡುಗಿಯಿಂದ ಎರಡು ಹೆಜ್ಜೆ ದೂರ. ಯಾರಿಗೂ ಏನೂ ಆಗಲಿಲ್ಲ. ಆದ್ರೆ ಆ ರಾತ್ರಿ ಬೆಂಕಿ ಹಾಕೋ ಮನಸ್ಸು ಯಾರಿಗೂ ಇರಲಿಲ್ಲ. ಆ ಹುಡುಗಿಯ ತಾಯಿ ಮರುದಿನ ಬೆಳಿಗ್ಗೆ ತನಕ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಮರುದಿನ ಕಾರಲ್ಲಿ ವಾಪಸ್ ಬರುವಾಗ ಗೆಳೆಯ ಕೇಳಿದ: "ಎಂ-ಸೀಲ್ ಹಾಕಿದ್ದೆ, ಬೆಣೆನೂ ಹೊಡೆದಿದ್ದೆ, ಮೇಲೆ ಅರಾಲ್ಡೈಟ್ ಬೇರೆ. ಆದ್ರೂ ಹೆಂಗೆ ಬಂತು ಮಾರಾಯಾ?" ಅವನು ದಾವಣಗೆರೆಯವನು, ನನಗಿಂತ ಒಳ್ಳೆ ಪ್ರೋಗ್ರಾಮರ್. ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋಗಿ ನಾನು ಕಲಿತದ್ದನ್ನೇ ಇವತ್ತು ಹೇಳ್ತೀನಿ.

ಮೊದಲು ಲೆಕ್ಕ. ಅರ್ಧ ಕೆಜಿ ತಲೆ, ಏಟು ಬೀಳುವ ಹೊತ್ತಿಗೆ ಅದರ ವೇಗ ಸೆಕೆಂಡಿಗೆ 10 ಮೀಟರ್ ಅಂತ ಇಟ್ಕೊಳ್ಳಿ, ಅಂದ್ರೆ ಗಂಟೆಗೆ 36 ಕಿಮೀ, ರಿಂಗ್ ರೋಡಲ್ಲಿ ನಿಧಾನಕ್ಕೆ ಹೋಗೋ ಸ್ಕೂಟರ್ ವೇಗ. ಕೊನೆಗೆ ಮಣಿಕಟ್ಟು ತಿರುಗಿಸುವಾಗ ತಲೆ ಸುತ್ತುವ ವೃತ್ತದ ತ್ರಿಜ್ಯ ಸುಮಾರು ಅರ್ಧ ಮೀಟರ್. ಪಿಯುಸಿಯಲ್ಲಿ ಓದಿದ ಎಂವಿ ಸ್ಕ್ವೇರ್ ಬೈ ಆರ್ ಹಾಕಿ: 0.5 ಗುಣಿಸು 100, ಭಾಗಿಸು 0.5. ನೂರು ನ್ಯೂಟನ್. ಅಂದ್ರೆ ಹತ್ತು ಕೆಜಿ ಅಕ್ಕಿ ಚೀಲ ನೇತು ಹಾಕಿದಷ್ಟು ಬಲ ಆ ತಲೆಯನ್ನ ಹಿಡಿಯಿಂದ ಹೊರಗೆ ಎಳೀತಾ ಇರುತ್ತೆ, ಪ್ರತಿ ಏಟಿಗೂ. ತನ್ನ ತೂಕದ ಇಪ್ಪತ್ತು ಪಟ್ಟು. ಇದರ ಮೇಲೆ ಕಟ್ಟಿಗೆಗೆ ಬಡಿದಾಗ ಆಗೋ ಅದುರು ಬೇರೆ. ಅದುರು ಅಂಟನ್ನ ಒಡೆಯುತ್ತೆ. ಅಂಟು ಎಷ್ಟು ಗಟ್ಟಿ ಅನ್ನೋದು ಇಲ್ಲಿ ಪ್ರಶ್ನೆಯೇ ಅಲ್ಲ. ಆ ನೂರು ನ್ಯೂಟನ್ ಯಾವ ದಿಕ್ಕಿಗೆ ಎಳೀತಿದೆ, ಆ ದಿಕ್ಕಿನಲ್ಲಿ ಮರ ದಪ್ಪ ಆಗ್ತಾ ಹೋಗುತ್ತಾ ಸಣ್ಣ ಆಗ್ತಾ ಹೋಗುತ್ತಾ, ಅದು ಪ್ರಶ್ನೆ.

ಕೊಡಲಿಗೆ ಕಾವು ಹಾಕೋ ಪದ್ಧತಿ ಮುಖ್ಯವಾಗಿ ಎರಡು. ಒಂದು, ಕಾವನ್ನ ಕೆಳಗಿನಿಂದ ಕಣ್ಣಿಗೆ ತೂರಿಸಿ, ಮೇಲೆ ಬಂದ ತುದಿಯನ್ನ ಸೀಳಿ ಬೆಣೆ ಹೊಡೆಯೋದು. ಕಣ್ಣು ಅಂದ್ರೆ ತಲೆಯಲ್ಲಿರೋ ತೂತು. ಬೆಣೆ ಹೊಡೆದಾಗ ತುದಿ ಅಗಲ ಆಗಿ ಕಣ್ಣಿನ ಮೇಲಿನ ಬಾಯಲ್ಲಿ ಕಚ್ಚಿಕೊಳ್ಳುತ್ತೆ. ಅಂಗಡಿಯಲ್ಲಿ ಸಿಗೋ ಬಹುತೇಕ ಕೊಡಲಿ, ಸುತ್ತಿಗೆ ಎಲ್ಲಾ ಹೀಗೆ. ಇನ್ನೊಂದು ಪದ್ಧತಿ ಇದರ ಉಲ್ಟಾ. ಕಾವಿನ ಮೇಲ್ತುದಿ ದಪ್ಪ, ಕೆಳಗೆ ಬರ್ತಾ ಸಣ್ಣ. ಸಣ್ಣ ತುದಿಯನ್ನ ಮೇಲಿನಿಂದ ಕಣ್ಣಿಗೆ ಹಾಕಿ, ತಲೆಯನ್ನ ಕಾವಿನುದ್ದಕ್ಕೂ ಜಾರಿಸ್ತಾ ದಪ್ಪ ತುದಿಗೆ ತಂದು ಕಚ್ಚಿಸೋದು. ಬೆಣೆ ಇಲ್ಲ, ಮೊಳೆ ಇಲ್ಲ, ಅಂಟಿಲ್ಲ. ಬೀಸಿದಷ್ಟೂ ತಲೆ ದಪ್ಪ ತುದಿ ಕಡೆಗೇ ಓಡುತ್ತೆ, ಓಡಿದಷ್ಟೂ ಬಿಗಿ ಆಗುತ್ತೆ. ನಮ್ಮೂರಲ್ಲಿ ಪಿಕಾಸಿ ನೋಡಿಲ್ವಾ? ಅದೇ. ಕೆಲಸದವರು ಸಂಜೆ ಪಿಕಾಸಿ ಕಾವಿನ ಬುಡವನ್ನ ಕಲ್ಲಿಗೆ ಒಮ್ಮೆ ಕುಟ್ಟಿ, ತಲೆ ಕಳಚಿ, ಎರಡನ್ನೂ ಬೇರೆ ಬೇರೆ ಹೆಗಲಿಗೆ ಹಾಕಿಕೊಂಡು ಹೋಗ್ತಾರಲ್ಲ. ಕೊಡಲಿಯನ್ನ ಹಾಗೆ ಕಳಚೋಕೆ ಆಗಲ್ಲ.

ಟೊಮಾಹಾಕ್ ಪಿಕಾಸಿ ಜಾತಿಗೆ ಸೇರಿದ್ದು. ಎಲ್ಲ ಮಾದರಿಯೂ ಅಲ್ಲ, ಆದ್ರೆ ಸಾಂಪ್ರದಾಯಿಕವಾದವು ಹೆಚ್ಚಾಗಿ ಹೀಗೇ. ಹೆಸರು ಅಮೆರಿಕದ ವರ್ಜೀನಿಯಾ ಕಡೆಯ ಪೌಹಾಟನ್ ಜನರ ಭಾಷೆಯಿಂದ 17ನೇ ಶತಮಾನದ ಆರಂಭದಲ್ಲಿ ಇಂಗ್ಲಿಷಿಗೆ ಬಂತು. ಯುರೋಪಿನವರು ವ್ಯಾಪಾರಕ್ಕೆ ಕಬ್ಬಿಣದ ತಲೆಗಳನ್ನ ತಂದ್ರು. ಆಗಿನ ಕಮ್ಮಾರರು ಕಬ್ಬಿಣದ ಪಟ್ಟಿಯನ್ನ ಒಂದು ಗೂಟದ ಸುತ್ತ ಬಾಗಿಸಿ, ಎರಡೂ ತುದಿ ಒಟ್ಟಿಗೆ ಕಾಯಿಸಿ ಬೆಸೆದು, ಬಾಯಿಗೆ ಉಕ್ಕು ಸೇರಿಸ್ತಿದ್ರು. ಗೂಟದ ಸುತ್ತ ಬಾಗಿಸಿದ್ದರಿಂದ ಕಣ್ಣು ದುಂಡಗೆ, ಇಲ್ಲಾಂದ್ರೆ ನೀರಿನ ಹನಿ ಆಕಾರದಲ್ಲಿ ಉಳೀತಿತ್ತು. ಕಾಡಿನಲ್ಲಿ ಹಿಡಿ ಮುರಿದರೆ ಬೆಣೆ, ಗರಗಸ ಎಲ್ಲಿಂದ ತರೋದು? ಒಂದು ನೇರ ಕೋಲು, ಒಂದು ಚಾಕು ಇದ್ರೆ ಹೊಸ ಕಾವು ತಯಾರಾಗಬೇಕಿತ್ತು. ಆ ಅಗತ್ಯದಿಂದ ಉಳಿದ ವಿನ್ಯಾಸ ಅದು.

ನನ್ನ ಗೆಳೆಯ ತನ್ನ ಟೊಮಾಹಾಕ್ ಕಣ್ಣಿಗೆ ಕೆಳಗಿನಿಂದ ಕೋಲು ತೂರಿಸಿ ಬೆಣೆ ಹೊಡೆದಿದ್ದ. ಕೊಡಲಿ ಪದ್ಧತಿ, ಪಿಕಾಸಿ ಕಣ್ಣು. ನೂರು ನ್ಯೂಟನ್ ಎಳೆತಕ್ಕೆ ಅಡ್ಡ ಇದ್ದದ್ದು ಒಂದು ಸಣ್ಣ ಬೆಣೆ ಮತ್ತು ಸ್ವಲ್ಪ ಎಂ-ಸೀಲ್. ಮತ್ತೆ ಜುಲೈ ತಿಂಗಳು. ಅದರ ವಿಷಯಕ್ಕೆ ಆಮೇಲೆ ಬರ್ತೀನಿ.

ಇಲ್ಲೊಂದು ತಮಾಷೆ ಆಯ್ತು. ವಾಪಸ್ ಬಂದ ಮೇಲೆ ಅವನು ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ, "ಭಾಯ್, ಕೊಡಲಿ ಕಾ ಹಾಥೋ" ಅಂತ ಕೇಳಿದ್ದಾನೆ. ಗುಜರಾತಿಯಲ್ಲಿ ಕಾವಿಗೆ ಹಾಥೋ ಅಂತಾರೆ, ಅಷ್ಟು ಅವನಿಗೆ ಗೊತ್ತಿತ್ತು. ಆದ್ರೆ ಕೊಡಲಿಗೆ ಅವರು ಕುಹಾಡಿ ಅಂತಾರೆ. ಅವರ ಭಾಷೆಯಲ್ಲಿ ಕೋದಾಳಿ ಅಂದ್ರೆ ನೆಲ ಅಗೆಯೋ ಗುದ್ದಲಿ-ಪಿಕಾಸಿ ಜಾತಿಯ ಸಾಮಾನು! ಅಂಗಡಿಯವರು ಕೋದಾಳಿ ಅಂತಲೇ ಕೇಳಿಸ್ಕೊಂಡು ಮೇಲೆ ದಪ್ಪ ಕೆಳಗೆ ಸಣ್ಣ ಇರೋ ಪಿಕಾಸಿ ಕಾವು ಕೊಟ್ಟು ಕಳಿಸಿದ್ರು. ಅದನ್ನ ತಂದು ನನ್ನ ಮುಂದೆ ಇಟ್ಟು "ನೋಡು, ತಪ್ಪು ಕೊಟ್ಟಿದ್ದಾರೆ" ಅಂದ. ನಾನು ಹೇಳಿದೆ, ಇಲ್ಲ ಕಣೋ, ನಿನಗೆ ಬೇಕಾದ್ದೇ ಕೊಟ್ಟಿದ್ದಾರೆ. ಗಾತ್ರ ಮಾತ್ರ ದೊಡ್ಡದು, ಕೆತ್ತಿ ಇಳಿಸಬೇಕು.

ಆದ್ರೂ ಧೈರ್ಯಕ್ಕೆ ಅಂತ ಒಬ್ಬ ಲುಹಾರ್ ಹತ್ತಿರ ಹೋದ್ವಿ. ಸೂರತ್‌ನಿಂದ ವ್ಯಾರಾ ಕಡೆ ಹೋಗೋ ದಾರಿಯಲ್ಲಿ ರಸ್ತೆ ಬದಿ ಕುಲುಮೆ. ಲಾರಿ ಕಮಾನು ಪಟ್ಟಿ ಕಾಯಿಸಿ ಕುಹಾಡಿ, ಕುಡುಗೋಲು ಬಡೀತಾರೆ. ಅರವತ್ತು ದಾಟಿದ ಹಿರಿಯರು, ಎಲ್ಲರೂ ಕಾಕಾ ಅಂತಾರೆ. ಹುಬ್ಬಳ್ಳಿ-ಧಾರವಾಡದವರಿಗೆ ಈ ಕಾಕಾ ಹೊಸದಲ್ಲ, ನಿಮ್ಮ ಮನೆಯದ್ದೇ ಮಾತು. ಅವರು ಟೊಮಾಹಾಕ್ ಹೆಸರು ಕೇಳಿರಲಿಲ್ಲ. ತಲೆಯನ್ನ ಕೈಗೆ ತಗೊಂಡು ಕಣ್ಣಿನೊಳಗೆ ಬೆರಳು ಹಾಕಿ ಮೇಲೆ ಕೆಳಗೆ ಸವರಿದ್ರು, ಅಷ್ಟೇ. "ಆಮಾ ಫಾಚರ್ ನ ಜೋಯಿಯೆ" ಅಂದ್ರು. ಇದಕ್ಕೆ ಬೆಣೆ ಬೇಡ ಅಂತ. ನಾನು ವರ್ನಿಯರ್ ಕ್ಯಾಲಿಪರ್ ಜೇಬಲ್ಲಿ ಇಟ್ಕೊಂಡು ಹೋಗಿದ್ದೆ. ಆಮೇಲೆ ಮನೆಗೆ ಬಂದು ಅಳೆದೆ: ಕಣ್ಣಿನ ಮೇಲಿನ ಬಾಯಿ ಕೆಳಗಿನ ಬಾಯಿಗಿಂತ ಎರಡು ಮಿಲಿಮೀಟರ್ ಅಗಲ. ಬೆರಳಿಗೆ ತಿಳಿದಿದ್ದು ಅದು.

ಎರಡು ಮಿಲಿಮೀಟರ್‌ನಲ್ಲಿ ಏನಾಗುತ್ತೆ ಅಂತ ಕೇಳಬಹುದು. ಮೆಕ್ಯಾನಿಕಲ್ ಓದಿದೋರು ಮೋರ್ಸ್ ಟೇಪರ್ ನೆನಪು ಮಾಡ್ಕೊಳ್ಳಿ. ದೊಡ್ಡ ಡ್ರಿಲ್ಲಿಂಗ್ ಮಷೀನ್‌ನಲ್ಲಿ ಡ್ರಿಲ್ ಬಿಟ್ ಸ್ಪಿಂಡಲ್‌ಗೆ ಕೂರೋದು ಬರೀ ಇಳಿಜಾರಿನಿಂದ, ಸ್ಕ್ರೂ ಇಲ್ಲ. ಇಳಿಜಾರಿನ ಕೋನ ಘರ್ಷಣೆಯ ಕೋನಕ್ಕಿಂತ ಕಡಿಮೆ ಇದ್ರೆ ತಾನಾಗಿ ಬಿಚ್ಚಿಕೊಳ್ಳಲ್ಲ. ಮರ ಮತ್ತು ಉಕ್ಕಿನ ಘರ್ಷಣೆ ಗುಣಾಂಕ 0.3 ಅಂತ ಇಟ್ಕೊಂಡ್ರೆ ಆ ಕೋನ ಹದಿನಾರು, ಹದಿನೇಳು ಡಿಗ್ರಿ. ಕಣ್ಣಿನ ಇಳಿಜಾರು ಒಂದೊಂದು ಪಕ್ಕಕ್ಕೆ ಎರಡು ಮೂರು ಡಿಗ್ರಿ. ತುಂಬಾ ಸುರಕ್ಷಿತ ಅಂತರ. ಆದ್ರೆ ಇದಕ್ಕೊಂದು ಷರತ್ತಿದೆ: ಮರ ಕಣ್ಣಿನ ಒಳಗೋಡೆಗೆ ಎಲ್ಲಾ ಕಡೆ ತಾಗಿರಬೇಕು. ಒಂದು ಉಂಗುರದಷ್ಟು ಜಾಗದಲ್ಲಿ ಮಾತ್ರ ತಾಗಿದ್ರೆ ಆ ಜಾಗ ಜಜ್ಜಿ ಹೋಗುತ್ತೆ, ತಲೆ ಅಲುಗಾಡುತ್ತೆ.

ತೂತೇ ಇಲ್ಲದ ಕಾಲದಲ್ಲಿ ಏನು ಮಾಡ್ತಿದ್ರು ಅನ್ನೋದು ನನಗೆ ಇದರ ಮಧ್ಯೆ ಹುಟ್ಟಿದ ಕುತೂಹಲ. ಸ್ವಲ್ಪ ದಾರಿ ತಪ್ಪುತ್ತೆ, ಆದ್ರೂ ಹೇಳ್ತೀನಿ, ಯಾಕಂದ್ರೆ ಇದರಲ್ಲಿ ನಮ್ಮೂರೂ ಇದೆ, ಗುಜರಾತೂ ಇದೆ. ಬಳ್ಳಾರಿ ಪಕ್ಕದ ಸಂಗನಕಲ್ಲು, ಕುಪ್ಪಗಲ್ಲು ಬೆಟ್ಟಗಳಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿ ಮಾಡ್ತಿದ್ರು. ಒಂದೆರಡಲ್ಲ, ಕಾರ್ಖಾನೆ ಥರ. ಬೆಟ್ಟದಲ್ಲಿ ಹಾದು ಹೋಗಿರೋ ಕಪ್ಪು ಡಾಲರೈಟ್ ಕಲ್ಲಿನ ಪಟ್ಟಿಯಿಂದ ಚಕ್ಕೆ ಎಬ್ಬಿಸಿ, ಬಂಡೆ ಮೇಲೆ ಉಜ್ಜಿ ನಯ ಮಾಡ್ತಿದ್ರು. ಉಜ್ಜಿದ ಗುಳಿಗಳು ಈಗಲೂ ಬಂಡೆ ಮೇಲೆ ಇವೆ. ಅಲ್ಲಿ ಕೊಡಲಿ ತಯಾರಾಗ್ತಿತ್ತು ಅಂತ ಗುರುತಿಸಿ ಬರೆದದ್ದು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದ್ರಾಸ್ ಹತ್ತಿರದ ಪಲ್ಲಾವರಂನಲ್ಲಿ ಹಳೇ ಶಿಲಾಯುಗದ ಕೈಕೊಡಲಿ ಗುರುತಿಸಿದ ಭೂವಿಜ್ಞಾನಿ. ಕೈಕೊಡಲಿಗೆ ಕಾವೇ ಇಲ್ಲ, ಹೆಸರೇ ಹೇಳೋ ಹಾಗೆ ಕೈಯಲ್ಲೇ ಹಿಡಿಯೋದು. ಇದೇ ಫೂಟ್ ನಿವೃತ್ತಿ ಆದ ಮೇಲೆ ಬರೋಡಾ ಸಂಸ್ಥಾನಕ್ಕೆ ಭೂವಿಜ್ಞಾನಿ ಆಗಿ ಬಂದು ಸಾಬರಮತಿ ಕಣಿವೆಯಲ್ಲೂ ಶಿಲಾಯುಗದ ಉಪಕರಣ ಹುಡುಕಿದ್ರು, ಮೈಸೂರು ಸಂಸ್ಥಾನಕ್ಕೂ ಕೆಲಸ ಮಾಡಿದ್ರು. ಕರ್ನಾಟಕದಿಂದ ಗುಜರಾತಿಗೆ ಕೆಲಸಕ್ಕೆ ಬಂದೋರಲ್ಲಿ ನಾವೇ ಮೊದಲಿಗರಲ್ಲ ನೋಡ್ರಿ. ಬಳ್ಳಾರಿಯಲ್ಲಿ ಫೂಟ್ ಹೆಸರಿನ ಪುರಾತತ್ವ ಸಂಗ್ರಹಾಲಯ ಇದೆ, ಊರಿಗೆ ಹೋದಾಗ ಮಕ್ಕಳನ್ನ ಕರ್ಕೊಂಡು ಹೋಗಿ.

ಇನ್ನೊಂದು ಲೋಥಲ್. ಅಹಮದಾಬಾದ್‌ನಲ್ಲಿರೋ ಕನ್ನಡಿಗರು ಒಂದು ಸಲವಾದ್ರೂ ಹೋಗಿರ್ತೀರಿ, ಸುಮಾರು ಎಂಬತ್ತು ಕಿಲೋಮೀಟರ್. ಅದನ್ನ ಉತ್ಖನನ ಮಾಡಿದ ಎಸ್. ಆರ್. ರಾವ್ ಅಂದ್ರೆ ಶಿಕಾರಿಪುರ ರಂಗನಾಥ ರಾವ್, ನಮ್ಮವರೇ. 1955ರಿಂದ ಅಲ್ಲಿ ಅಗೆತ ನಡೆಸಿದ್ರು, ಆಮೇಲೆ ದ್ವಾರಕೆಯ ಸಮುದ್ರದೊಳಗೂ ಹುಡುಕಿದ್ರು. ಲೋಥಲ್ ಇರಲಿ, ಬೇರೆ ಹರಪ್ಪ ನೆಲೆಗಳಿರಲಿ, ಅಲ್ಲಿ ಸಿಗೋ ತಾಮ್ರ, ಕಂಚಿನ ಕೊಡಲಿಗಳು ಹೆಚ್ಚಿನವು ಚಪ್ಪಟೆ. ಕಣ್ಣಿಲ್ಲ. ಅದೇ ಕಾಲದಲ್ಲಿ ಮೆಸೊಪೊಟೇಮಿಯಾದಲ್ಲಿ ಕಣ್ಣಿರೋ ಕೊಡಲಿ ಸಾಮಾನ್ಯ ಆಗಿತ್ತು. ಆ ಕಡೆಗೆ ವ್ಯಾಪಾರವೂ ಇತ್ತು, ಲೋಥಲ್‌ನಲ್ಲಿ ಪರ್ಷಿಯನ್ ಕೊಲ್ಲಿಯ ಮುದ್ರೆ ಸಿಕ್ಕಿದೆ. ಆದ್ರೂ ಇಲ್ಲಿನವರು ಚಪ್ಪಟೆ ಕೊಡಲಿ ಬಿಡಲಿಲ್ಲ. ಒಳ್ಳೇ ಲೈಬ್ರರಿ ಇದ್ರೂ ಹಳೇ ಕೋಡನ್ನೇ ಇಟ್ಕೊಂಡು ಕೂರೋ ಟೀಮ್ ನಮಗೆ ಗೊತ್ತಿಲ್ವಾ, ಹಾಗೆ ಅಂತ ನನ್ನ ಅಂದಾಜು. ಪುರಾತತ್ವದವರು ಬೈಯಬಹುದು.

ಕಣ್ಣಿಲ್ಲದ ಕೊಡಲಿಗೆ ಕಾವು ಹಾಕೋ ದಾರಿ ಅಂದ್ರೆ ಕಬ್ಬಿಣಕ್ಕೆ ಬದಲು ಮರಕ್ಕೇ ತೂತು ಮಾಡೋದು, ಇಲ್ಲಾಂದ್ರೆ ಕೋಲು ಸೀಳಿ ಮಧ್ಯೆ ಇಟ್ಟು ಚರ್ಮದ ಪಟ್ಟಿಯಲ್ಲಿ ಬಿಗಿಯೋದು. ಏಟು ಹಾಕಿದಷ್ಟೂ ಕೊಡಲಿ ಮರದೊಳಗೆ ಹೋಗಿ ಕಚ್ಚುತ್ತೆ. ಒಳ್ಳೇದೇ. ಆದ್ರೆ ಅದೇ ಕೊಡಲಿ ತನ್ನ ಕಾವನ್ನೇ ಸೀಳೋ ಬೆಣೆ ಆಗುತ್ತೆ. ಕೊಡಲಿ ಕಾವು ಕುಲಕ್ಕೆ ಸಾವು ಅಂತ ನಮ್ಮ ಗಾದೆ. ಗುಜರಾತಿಯಲ್ಲೂ ತನ್ನವರಿಗೇ ಕೇಡು ಮಾಡೋನಿಗೆ ಕುಹಾಡಿನೋ ಹಾಥೋ ಅಂತಾರೆ. ಎರಡೂ ಕಡೆ ಬೈಸಿಕೊಳ್ಳೋದು ಪಾಪ ಕಾವೇ.

ಸರಿ, ಕೆಲಸಕ್ಕೆ ಬರೋಣ. ಮರ ಯಾವುದು?

ಅಮೆರಿಕದವರು ಹಿಕರಿ ಅಂತಾರೆ. ಇಲ್ಲಿ ಅದನ್ನ ಹುಡುಕಿ ಹಣ ಹಾಕಬೇಡಿ. ಕಾವಿಗೆ ಬೇಕಾದ ಗುಣ ಗಟ್ಟಿತನ ಒಂದೇ ಅಲ್ಲ, ಏಟನ್ನ ನುಂಗೋ ಗುಣ, ಸ್ವಲ್ಪ ಬಾಗಿ ಮತ್ತೆ ನೇರ ಆಗೋ ಗುಣ. ನಮ್ಮಲ್ಲಿ ದಿಂಡಿಗ ಅಂತ ಮರ ಇದೆ, ಗುಜರಾತಿಯಲ್ಲಿ ಧಾವಡೋ. ಬ್ರಿಟಿಷರು ಇದನ್ನ ಆಕ್ಸಲ್‌ವುಡ್ ಅಂತಲೇ ಕರೆದ್ರು, ಗಾಡಿ ಅಚ್ಚಿಗೆ ಬಳಸ್ತಿದ್ರು. ಇನ್ನೊಂದು ತಡಸಲು, ಉತ್ತರದವರು ಧಾಮಣ ಅಂತಾರೆ, ಬಿಲ್ಲು ಮಾಡ್ತಿದ್ದ ಮರ. ಇವೆರಡೂ ಡಾಂಗ್ ಕಾಡಲ್ಲೂ ಇವೆ, ಪಶ್ಚಿಮ ಘಟ್ಟದಲ್ಲೂ ಇವೆ. ಬಯಲು ಸೀಮೆಯಲ್ಲಿ ಕರಿಜಾಲಿ. ಅದು ಇಲ್ಲಿ ದೇಶಿ ಬಾವಳ್. ಆದ್ರೆ ಬಳ್ಳಾರಿ ಜಾಲಿ ಬೇರೆ. ಅದಕ್ಕೆ ಇಲ್ಲಿನ ಹೆಸರು ಗಾಂಡೋ ಬಾವಳ್, ಅಂದ್ರೆ ಹುಚ್ಚು ಜಾಲಿ. ನಮ್ಮ ಊರಿನ ಹೆಸರಿಟ್ಟ ಮರವನ್ನ ಇವರು ಹುಚ್ಚು ಅಂತ ಕರೀತಾರೆ, ಏನು ಮಾಡೋದು. ಅದರಲ್ಲಿ ಅರ್ಧ ಮೀಟರ್ ನೇರವಾದ, ಗಂಟಿಲ್ಲದ ತುಂಡು ಸಿಗೋದೇ ಕಷ್ಟ.

ಸಾಗುವಾನಿ ಬೇಡ. ಡಾಂಗ್ ಅಂದ್ರೆ ಸಾಗುವಾನಿ, ಆ ಮರ ಸಾಗಿಸೋಕೆ ಅಂತಲೇ ಗಾಯಕವಾಡರ ಕಾಲದಲ್ಲಿ ಬಿಲಿಮೋರಾದಿಂದ ವಘೈಗೆ ಸಣ್ಣ ರೈಲು ಹಾಕಿದ್ರು, ನೂರು ವರ್ಷಕ್ಕೂ ಹಳೇದು. ಬಾಗಿಲಿಗೆ, ಮಂಚಕ್ಕೆ ಅದರಷ್ಟು ಒಳ್ಳೇ ಮರ ಇಲ್ಲ. ಮಳೆಗೆ ಬಿಸಿಲಿಗೆ ಅಲುಗಲ್ಲ. ಆದ್ರೆ ಏಟಿಗೆ ಪಟ್ ಅಂತ ಮುರಿಯುತ್ತೆ. ಮತ್ತೆ ದಯವಿಟ್ಟು ಕಾಡಿಂದ ನೀವೇ ಕಡಿದು ತರಬೇಡಿ, ಅದು ಅಪರಾಧ. ಸುಥಾರ್ ಅಂಗಡಿಯಲ್ಲಿ, ಇಲ್ಲಾ ಹಾರ್ಡ್‌ವೇರ್ ಅಂಗಡಿಯಲ್ಲಿ ಒಣಗಿದ ಪಿಕಾಸಿ ಕಾವು ಸಿಗುತ್ತೆ, ಅದು ಸಾಕು.

ಕಾವು ಆರಿಸುವಾಗ ತುದಿಯನ್ನ ನೋಡಿ. ಮರದ ಎಳೆಗಳು ತುದಿಯಿಂದ ತುದಿಗೆ ಹೋಗಿರಬೇಕು, ಮಧ್ಯದಲ್ಲಿ ಪಕ್ಕಕ್ಕೆ ಓಡಿ ಹೊರಗೆ ಬಂದಿರಬಾರದು. ಅಂಥದ್ದು ಅಲ್ಲೇ ಮುರಿಯೋದು. ತುದಿಯಲ್ಲಿ ಕಾಣೋ ಗೆರೆಗಳು ಕೊಡಲಿ ಬಾಯಿ ಇರೋ ದಿಕ್ಕಿಗೇ ಇದ್ರೆ ಒಳ್ಳೇದು. ಗಂಟಿದ್ರೆ ಬಿಟ್ಟು ಬಿಡಿ. ಬಣ್ಣ ಬಳಿದ ಕಾವನ್ನ ತಗೋಬೇಡಿ, ಬಣ್ಣದ ಕೆಳಗೆ ಏನಿದೆ ಅಂತ ಕಾಣಲ್ಲ.

ಈಗ ತಲೆ. ಕಣ್ಣಿನೊಳಗೆ ಬೆರಳು ಹಾಕಿ ಸವರಿ, ಕಾಕಾ ಮಾಡಿದ ಹಾಗೆ. ಯಾವ ಬಾಯಿ ಅಗಲ ಅಂತ ತಿಳ್ಕೊಳ್ಳಿ, ಅಗಲ ಇರೋದೇ ಮೇಲ್ಭಾಗ. ಅಗ್ಗದ ತಲೆಗಳಲ್ಲಿ ಒಳಗೆ ಕಬ್ಬಿಣದ ಚೂಪು ಏಣು ಉಳಿದಿರುತ್ತೆ. ಅದು ಮರದ ಎಳೆಗಳನ್ನ ಪ್ರತಿ ಏಟಿಗೂ ಸ್ವಲ್ಪ ಸ್ವಲ್ಪ ಕತ್ತರಿಸುತ್ತೆ. ಅರ್ಧ ದುಂಡಗಿನ ಅರದಿಂದ ಉಜ್ಜಿ ನಯ ಮಾಡಿ. ಈ ಹತ್ತು ನಿಮಿಷದ ಕೆಲಸವನ್ನ ಎಲ್ಲರೂ ಬಿಡ್ತಾರೆ.

ಇನ್ನು ಕೂರಿಸೋದು. ಇಲ್ಲೇ ತಾಳ್ಮೆ ಬೇಕು. ಕಾವಿನ ದಪ್ಪ ತುದಿಯನ್ನ ಕಣ್ಣಿನ ಆಕಾರಕ್ಕೆ ಒರಟಾಗಿ ಕೆತ್ತಿ, ಬೇಕಾದ್ದಕ್ಕಿಂತ ಸ್ವಲ್ಪ ದಪ್ಪ ಬಿಡಿ. ಕಣ್ಣಿನ ಒಳಗೋಡೆಗೆ ದೀಪದ ಮಸಿ ಸವರಿ. ನಾನು ದೇವರ ಮುಂದಿನ ಹಣತೆ ಮೇಲೆ ಹಳೇ ಚಮಚ ಹಿಡಿದು ಮಸಿ ಮಾಡ್ಕೊಂಡೆ. ಮನೆಯವರು ಹಬ್ಬ ಏನಾದ್ರೂ ಇದೆಯಾ ಅಂತ ಕೇಳಿದ್ರು. ಸಣ್ಣ ತುದಿಯಿಂದ ತಲೆಯನ್ನ ಜಾರಿಸಿ, ದಪ್ಪ ತುದಿಗೆ ಬಂದು ನಿಂತ ಮೇಲೆ ಕೈಯಿಂದ ಎಳೆದು ಬಿಗಿ ಮಾಡಿ, ಮತ್ತೆ ಬಿಚ್ಚಿ. ಮರದ ಮೇಲೆ ಎಲ್ಲಿ ಕಪ್ಪು ಹತ್ತಿದೆಯೋ ಅಲ್ಲಿ ಮಾತ್ರ ಕಬ್ಬಿಣ ತಾಗ್ತಿದೆ. ಆ ಕಪ್ಪನ್ನಷ್ಟೇ ಕೆರೆದು ತೆಗೀರಿ. ಅರ, ಇಲ್ಲಾ ಒಡೆದ ಗಾಜಿನ ತುಂಡು, ಕೊನೆಗೆ ಸ್ಯಾಂಡ್‌ಪೇಪರ್. ಮತ್ತೆ ಮಸಿ, ಮತ್ತೆ ಜಾರಿಸು, ಮತ್ತೆ ಕೆರೆ. ಮೊದಲ ಸಲ ಎರಡು ಚುಕ್ಕೆ ಕಾಣುತ್ತೆ. ಐದನೇ ಸಲ ಎರಡು ಪಟ್ಟೆ. ನನಗೆ ಹದಿನಾಲ್ಕು ಸಲ ಹಿಡೀತು, ಒಂದು ಭಾನುವಾರ ಪೂರ್ತಿ. ಡೀಬಗ್ ಮಾಡೋದು ಅಭ್ಯಾಸ ಇರೋದ್ರಿಂದ ಬೇಜಾರಾಗಲಿಲ್ಲ. ಇಲ್ಲಿ ಪ್ರತಿ ಸಲ ಲಾಗ್ ಸರಿಯಾಗಿ ಬರುತ್ತೆ, ಕಪ್ಪು ಸುಳ್ಳು ಹೇಳಲ್ಲ. ಕಣ್ಣಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಮಸಿ ಸಮನಾಗಿ ಹತ್ತಿದ್ರೆ, ಮೇಲಿನ ಬಾಯಿ ಹತ್ತಿರಾನೂ ಕೆಳಗಿನ ಬಾಯಿ ಹತ್ತಿರಾನೂ ಹತ್ತಿದ್ರೆ, ಆಯ್ತು. ಮೇಲೆ ಮರ ಅರ್ಧದಿಂದ ಒಂದು ಸೆಂಟಿಮೀಟರ್ ಹೊರಗೆ ಉಳಿಯೋ ಹಾಗೆ ನೋಡ್ಕೊಳ್ಳಿ. ಮುಂದೆ ಮರ ಸವೆದಾಗ ತಲೆ ಮೇಲಕ್ಕೆ ಹೋಗಿ ಕಚ್ಚೋಕೆ ಆ ಜಾಗ ಬೇಕು.

ಬಿಗಿ ಮಾಡೋವಾಗ ದಿಕ್ಕು ನೋಡ್ಕೊಳ್ಳಿ. ಬೆಣೆ ಹಾಕೋ ಕೊಡಲಿಯನ್ನ ತಲೆ ಕೆಳಗೆ ಮಾಡಿ ಗಾಳಿಯಲ್ಲಿ ಹಿಡಿದು, ಮೇಲಿರೋ ಕಾವಿನ ಬುಡಕ್ಕೆ ಮರದ ಸುತ್ತಿಗೆಯಿಂದ ಹೊಡೀತಾರೆ. ತಲೆ ಜಡತ್ವದಿಂದ ಅಲ್ಲೇ ನಿಲ್ಲುತ್ತೆ, ಕಾವು ಒಳಗೆ ಇಳಿಯುತ್ತೆ. ಟೊಮಾಹಾಕ್‌ಗೆ ಹಾಗೆ ಮಾಡಿದ್ರೆ ತಲೆ ಸಡಿಲ ಆಗುತ್ತೆ. ಇದಕ್ಕೆ ದಪ್ಪ ತುದಿ ಕೆಳಗೆ ಮಾಡಿ, ಆ ತುದಿಯನ್ನೇ ಮರದ ಹಲಗೆ ಮೇಲೆ ಕುಟ್ಟಬೇಕು. ಕಾವು ಹಲಗೆಗೆ ತಾಗಿ ನಿಲ್ಲುತ್ತೆ, ತಲೆ ಕೆಳಕ್ಕೆ ಹೋಗಿ ದಪ್ಪ ಜಾಗದಲ್ಲಿ ಕಚ್ಚುತ್ತೆ. ನಾಲ್ಕೈದು ಸಲ ಕುಟ್ಟಿ. ಆಮೇಲೆ ಯಾರೂ ಇಲ್ಲದ ಕಡೆ ನಿಂತು ಹತ್ತು ಸಲ ಬೀಸಿ ನೋಡಿ. ತಲೆ ಹತ್ತಿರ ಪೆನ್ಸಿಲ್‌ನಲ್ಲಿ ಕಾವಿನ ಮೇಲೆ ಗೆರೆ ಹಾಕಿಟ್ಟರೆ ಎಷ್ಟು ಸರಿದಿದೆ ಅಂತ ಗೊತ್ತಾಗುತ್ತೆ.

ಈಗ ಜುಲೈ ವಿಷಯ. ಮರ ಗಾಳಿಯ ತೇವ ಕುಡಿಯುತ್ತೆ. ಗಾಳಿಯ ತೇವಾಂಶ ಶೇ. 80 ಇದ್ರೆ ಮರದಲ್ಲಿ ನೀರಿನ ಅಂಶ ಹೆಚ್ಚುಕಡಿಮೆ ಶೇ. 16ಕ್ಕೆ ಹೋಗಿ ನಿಲ್ಲುತ್ತೆ. ಶೇ. 40 ಇದ್ರೆ ಏಳೆಂಟಕ್ಕೆ ಇಳಿಯುತ್ತೆ. ಸೂರತ್ ಸಮುದ್ರದ ಪಕ್ಕದ ಊರು, ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಮುಚ್ಚಳ ತೆಗೆದ್ರೆ ನೀರು. ಡಿಸೆಂಬರ್‌ನಲ್ಲಿ ಉತ್ತರದ ಒಣ ಗಾಳಿ, ತುಟಿ ಒಡೆಯುತ್ತೆ. ಮರ ಉದ್ದಕ್ಕೆ ಕುಗ್ಗೋದು ನಗಣ್ಯ. ಅಡ್ಡಕ್ಕೆ ಕುಗ್ಗುತ್ತೆ, ಅದರಲ್ಲೂ ವರ್ಷದ ಉಂಗುರಗಳ ಗುಂಟ ಕುಗ್ಗೋದು ಉಂಗುರಗಳಿಗೆ ಅಡ್ಡಲಾಗಿ ಕುಗ್ಗೋದರ ಸುಮಾರು ಎರಡು ಪಟ್ಟು. ಲೆಕ್ಕ ಹಾಕಿದ್ರೆ 25 ಮಿಲಿಮೀಟರ್ ದಪ್ಪದ ಕಾವು ಮಳೆಗಾಲದಿಂದ ಚಳಿಗಾಲಕ್ಕೆ ಅರ್ಧ ಮಿಲಿಮೀಟರ್ ಸಣ್ಣ ಆಗಬಹುದು. ಉಕ್ಕಿನ ಕಣ್ಣು ಹಾಗೇ ಇರುತ್ತೆ. ಗೆಳೆಯ ಜುಲೈನಲ್ಲಿ ಬಿಗಿಯಾಗಿ ಹಾಕಿದ ಕೋಲು ಡಿಸೆಂಬರ್‌ಗೆ ಅರ್ಧ ಮಿಲಿಮೀಟರ್ ಸಡಿಲ. ಬೆಣೆ ಕೂಡಾ ಕುಗ್ಗಿತ್ತು. ಮೇಲಿನ ಎಂ-ಸೀಲ್ ಗಟ್ಟಿಯಾಗಿ ಕಾಣ್ತಿತ್ತು, ಅದರಿಂದ ಒಳಗಿನ ಸಡಿಲ ಕಣ್ಣಿಗೆ ಬೀಳಲಿಲ್ಲ. ಅಂಟಿನ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ಅದು ಹಿಡಿಯಲ್ಲ ಅನ್ನೋದಕ್ಕಿಂತ, ಸಡಿಲ ಆಗಿದೆ ಅಂತ ತಿಳಿಯೋಕೆ ಬಿಡಲ್ಲ.

ಹಾಗಾಗಿ ಕಾವು ಹಾಕೋದಾದ್ರೆ ಉತ್ತರಾಯಣದ ಗಾಳಿಪಟ ಎಲ್ಲಾ ಮುಗಿದ ಮೇಲೆ, ಫೆಬ್ರವರಿಯಿಂದ ಮೇ ಒಳಗೆ ಹಾಕಿ. ಒಣಗಿದ ಮರ ಹಾಕಿದ್ರೆ ಮಳೆಗಾಲದಲ್ಲಿ ಸ್ವಲ್ಪ ಬಿಗಿ ಆಗುತ್ತೆ, ಸಡಿಲ ಆಗಲ್ಲ.

ಕೆಲವರು ಕೇಳ್ತೀರಿ, ಊರಲ್ಲಿ ಸಡಿಲ ಆದ ಕೊಡಲಿಯನ್ನ ರಾತ್ರಿ ಬಕೆಟ್ ನೀರಲ್ಲಿ ಇಡ್ತಾರಲ್ಲ, ಬೆಳಿಗ್ಗೆ ಬಿಗಿ ಆಗಿರುತ್ತಲ್ಲ ಅಂತ. ಆಗುತ್ತೆ. ಒಂದು ದಿನಕ್ಕೆ. ಮರ ಉಬ್ಬೋಕೆ ನೋಡುತ್ತೆ, ಉಕ್ಕು ಬಿಡಲ್ಲ, ಅಂಚಿನ ಜೀವಕೋಶಗಳು ಜಜ್ಜಿ ಹೋಗ್ತವೆ. ಒಣಗಿದ ಮೇಲೆ ಕಾವು ಮೊದಲಿಗಿಂತ ಸಣ್ಣ ಆಗಿರುತ್ತೆ. ಮತ್ತೆ ನೆನೆಸ್ತೀರಿ, ಇನ್ನೂ ಸಣ್ಣ. ನಮ್ಮ ಹಿರಿಯರು ಯಾಕೆ ಮಾಡ್ತಿದ್ರು ಅಂದ್ರೆ, ಅವತ್ತಿನ ಕೂಲಿ ಕೆಲಸ ಅವತ್ತೇ ಮುಗಿಸಬೇಕಿತ್ತು, ಅಷ್ಟೇ. ಅವರನ್ನ ತಪ್ಪು ಅನ್ನೋಕೆ ನನಗೆ ಹಕ್ಕಿಲ್ಲ. ಬೀಸಿ ಹೊಡೆಯೋ ಕೆಲಸ ವಾರಕ್ಕೊಮ್ಮೆ ಶೋಕಿಗೆ ಮಾಡೋ ನಮಗೆ ಆ ಅವಸರ ಇಲ್ಲ.

ತಲೆಯ ಪಕ್ಕದಲ್ಲಿ ತೂತು ಕೊರೆದು ಸ್ಕ್ರೂ ಹಾಕಿದ ಮಾದರಿಗಳು ಬರ್ತವೆ. ಆ ಸ್ಕ್ರೂ ಮರದಲ್ಲಿ ಗುಳಿ ಮಾಡಿ ಅಲ್ಲಿಂದಲೇ ಬಿರುಕು ಶುರು ಆಗೋದನ್ನ ನೋಡಿದ್ದೀನಿ. ನಾನು ತೆಗೆದುಬಿಟ್ಟೆ. ತೆಳು ಚರ್ಮದ ಪಟ್ಟಿ ಮಧ್ಯೆ ಇಡೋದು ತಾತ್ಕಾಲಿಕಕ್ಕೆ ಪರವಾಗಿಲ್ಲ, ಹಳೇ ಬೆಲ್ಟ್ ತುಂಡು ಸಾಕು. ಆದ್ರೆ ಚರ್ಮ ಬೇಕಾಗುವಷ್ಟು ಸಡಿಲ ಇದೆ ಅಂದ್ರೆ ಹೊಸ ಕಾವಿಗೆ ಟೈಮ್ ಆಯ್ತು ಅಂತ.

ಟೊಮಾಹಾಕ್ ಎಸೆಯೋ ಆಟ ಆಡೋರಿಗೆ ಒಂದು ಮಾತು. ಎಸೆದದ್ದು ಹಲಗೆಗೆ ಕಾವಿನ ಕಡೆಯಿಂದ ಬಡಿದರೆ ತಲೆ ಹಿಂದಕ್ಕೆ ಜಾರುತ್ತೆ. ಅದು ಈ ವಿನ್ಯಾಸದ ದೋಷ ಅಲ್ಲ; ತಲೆ ಜಾರೋದ್ರಿಂದಲೇ ಎಷ್ಟೋ ಸಲ ಕಾವು ಮುರಿಯದೇ ಉಳಿಯುತ್ತೆ. ಪ್ರತಿ ಎಸೆತದ ಮುಂಚೆ ತುದಿಯನ್ನ ಒಮ್ಮೆ ಹಲಗೆಗೆ ಕುಟ್ಟೋದು ಅಭ್ಯಾಸ ಆಗಬೇಕು, ಬೈಕ್ ಹತ್ತೋ ಮುಂಚೆ ಸ್ಟ್ಯಾಂಡ್ ತೆಗೆಯೋ ಹಾಗೆ. ಅಪಾರ್ಟ್‌ಮೆಂಟ್ ಟೆರೇಸ್ ಮೇಲೆ ಆಡಬೇಡಿ. ಕೇಳಿದ್ರು ಒಬ್ಬರು, ಅದಕ್ಕೆ ಹೇಳ್ತಿದ್ದೀನಿ.

ಕೊನೆಗೆ ಎಣ್ಣೆ. ಅಗಸೆ ಎಣ್ಣೆ, ಇಲ್ಲಿ ಅಳಸೀನು ತೇಲ್ ಅಂತ ಕೇಳಿ, ಪೇಂಟ್ ಅಂಗಡಿಯಲ್ಲಿ ಸಿಗೋದು. ತೆಳ್ಳಗೆ ಉಜ್ಜಿ, ಒಂದು ದಿನ ಬಿಟ್ಟು ಮತ್ತೆ ಉಜ್ಜಿ, ಮೂರು ನಾಲ್ಕು ಕೋಟ್. ತೇವ ಒಳಗೆ ಹೋಗೋದು ನಿಲ್ಲಲ್ಲ, ನಿಧಾನ ಆಗುತ್ತೆ. ಕೈಗೂ ಹಿತ. ಕೊಬ್ಬರಿ ಎಣ್ಣೆ, ಕಡಲೆ ಎಣ್ಣೆ ಬೇಡ, ಅವು ಅಗಸೆ ಎಣ್ಣೆ ಥರ ಗಟ್ಟಿಯಾಗಿ ಒಣಗಲ್ಲ. ಎಣ್ಣೆ ಉಜ್ಜಿದ ಬಟ್ಟೆಯನ್ನ ಮುದ್ದೆ ಮಾಡಿ ಕಸದ ಡಬ್ಬಿಗೆ ಎಸೀಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತೆ, ಮುದ್ದೆಯೊಳಗೆ ಆ ಬಿಸಿ ಹೋಗೋಕೆ ದಾರಿ ಇಲ್ಲದೆ ತಾನಾಗಿ ಹೊತ್ತಿಕೊಂಡ ಉದಾಹರಣೆಗಳಿವೆ. ನೀರಲ್ಲಿ ನೆನೆಸಿ, ಇಲ್ಲಾ ಬಾಲ್ಕನಿ ತಂತಿ ಮೇಲೆ ಬಿಡಿಸಿ ಹಾಕಿ ಒಣಗಿಸಿ, ಆಮೇಲೆ ಎಸೀರಿ.

ನಮ್ಮ ದಾವಣಗೆರೆ ಗೆಳೆಯ ಅದೇ ಕೋದಾಳಿ ಕಾವನ್ನ ಕೆತ್ತಿ ಇಳಿಸಿ ಮಾರ್ಚ್‌ನಲ್ಲಿ ಹಾಕಿಕೊಂಡಿದ್ದಾನೆ. ಮೊನ್ನೆ ಕೆರೆಯೋ ಗಾಜಿಗೆ ಬೆರಳು ಕೊಯ್ದುಕೊಂಡ ಅಂತ ಫೋನ್ ಮಾಡಿದ್ದ, ಇನ್ನೊಂದಕ್ಕೆ ಕಾವು ಮಾಡ್ತಿದ್ದಾನಂತೆ. ಗಾಜು ಹಿಡಿಯೋವಾಗ ಒಂದು ಕಡೆಗೆ ಇನ್ಸುಲೇಷನ್ ಟೇಪ್ ಸುತ್ತಿಕೊಳ್ಳಿ. ಕಾಮೆಂಟ್‌ನಲ್ಲಿ ನಿಮ್ಮೂರ ಕಡೆ ಕಾವಿಗೆ ಯಾವ ಮರ ಬಳಸ್ತಾರೆ ಅಂತ ಬರೀರಿ, ಮಲೆನಾಡಿನವರು, ಕಾಸರಗೋಡಿನವರು ಮುಖ್ಯವಾಗಿ, ನಿಮ್ಮ ಕಡೆ ಹೆಸರುಗಳೇ ಬೇರೆ ಇರ್ತವೆ.